ಬಂಡೆಗಾಡಿನ ಖಡ್ಗಜರಿಗಳನ್ನು ಗುರುತಿಸುವ ಬಗೆ: ಪಶ್ಚಿಮ ಉತ್ತರ ಅಮೆರಿಕದ ಪರ್ವತ ಇಳಿಜಾರುಗಳಿಗೊಂದು ಸಮಗ್ರ ಮಾರ್ಗದರ್ಶಿ

ಉತ್ತರ ಅಮೆರಿಕದ ಪಶ್ಚಿಮ ಅಂಚಿನಲ್ಲಿ, ಬ್ರಿಟಿಷ್ ಕೊಲಂಬಿಯದಿಂದ ಕ್ಯಾಲಿಫೋರ್ನಿಯದವರೆಗೆ, ತೇವ ತುಂಬಿದ ಸೂಚಿಪರ್ಣಿ ಕಾಡುಗಳ ನೆಲವನ್ನು ಆವರಿಸಿಕೊಂಡು ಬೆಳೆಯುವ ಜರೀಗಿಡವೆಂದರೆ ವೆಸ್ಟರ್ನ್ ಸೋರ್ಡ್ ಫರ್ನ್ (ಪಶ್ಚಿಮದ ಖಡ್ಗಜರಿ), ಅಂದರೆ ಪಾಲಿಸ್ಟಿಕಮ್ ಮ್ಯುನಿಟಮ್. ಕಾಡಿನೊಳಗೆ ಅದನ್ನು ಗುರುತಿಸಲು ವಿಶೇಷ ಪರಿಣತಿಯೇನೂ ಬೇಡ. ಒಂದು ಮೀಟರಿಗೂ ಮೀರಿದ ಗರಿಗಳ ದೊಡ್ಡ ಪೊದೆ ಕಂಡರೆ ಹೆಚ್ಚಿನ ಸಂದರ್ಭಗಳಲ್ಲಿ ಅದೇ ಆಗಿರುತ್ತದೆ. ತೊಡಕು ಶುರುವಾಗುವುದು ಮರಗಳು ವಿರಳವಾಗಿ, ಬಂಡೆಯ ಸಂದುಗಳೂ ಕಲ್ಲುರಾಶಿಯ ಇಳಿಜಾರುಗಳೂ ಎದುರಾಗುವಲ್ಲಿ. ಅಲ್ಲಿ ಅದೇ ಪಾಲಿಸ್ಟಿಕಮ್ ಕುಲದ ಇನ್ನೂ ಐದು ಪ್ರಭೇದಗಳು ಸಿಗುತ್ತವೆ: ಇಂಬ್ರಿಕಾನ್ಸ್, ಲಾಂಕೈಟಿಸ್, ಲೆಮ್ಮೋನಿಯೈ, ಸ್ಕಾಪ್ಯುಲಿನಮ್, ಕ್ರುಕೆಬರ್ಗಿಯೈ. ಎಲ್ಲವೂ ಹೆಚ್ಚಾಗಿ ಮೊಳದುದ್ದ ಅಥವಾ ಅದಕ್ಕಿಂತ ಗಿಡ್ಡ, ಎಲ್ಲವೂ ಬಿರುಸಾದ ಹೊಳಪಿನ ಎಲೆಯವು, ಎಲ್ಲವೂ ಮೊದಲ ನೋಟಕ್ಕೆ ಬಿಸಿಲಿಗೆ ಕುಗ್ಗಿದ ಮ್ಯುನಿಟಮ್‌ನಂತೆಯೇ ಕಾಣುತ್ತವೆ. ಸಾಲದೆಂಬಂತೆ, ನಿಜಕ್ಕೂ ಬಿಸಿಲಿಗೆ ಕುಗ್ಗಿದ ಮ್ಯುನಿಟಮ್ ಕೂಡ ಅವುಗಳ ಪಕ್ಕದಲ್ಲೇ ಬೆಳೆದಿರಬಹುದು.

ಆದ್ದರಿಂದ ಈ ಗುಂಪಿನಲ್ಲಿ ಗಿಡದ ಗಾತ್ರವನ್ನೂ ಒಟ್ಟು ನಿಲುವನ್ನೂ ಕೊನೆಯ ಸಾಕ್ಷಿಯನ್ನಾಗಿ ಇಟ್ಟುಕೊಳ್ಳಬೇಕೇ ಹೊರತು ಮೊದಲನೆಯದನ್ನಾಗಿ ಅಲ್ಲ. ನೆಚ್ಚಬಹುದಾದ ಲಕ್ಷಣಗಳು ನಾಲ್ಕು: ಗರಿಯ ಒಟ್ಟು ಉದ್ದದಲ್ಲಿ ತೊಟ್ಟಿನ ಪಾಲು ಎಷ್ಟು, ಪರ್ಣಿಕೆ ಎಷ್ಟು ಆಳಕ್ಕೆ ಸೀಳಿದೆ, ತೊಟ್ಟಿನ ಮೇಲಿನ ಹುರುಪೆಗಳು ಉಳಿದಿವೆಯೋ ಉದುರಿವೆಯೋ, ಬೀಜಕಗುಚ್ಛದ ಹೊದಿಕೆಯ ಅಂಚು ಹೇಗಿದೆ. ಇವುಗಳ ಜೊತೆಗೆ ಇನ್ನೊಂದು ಸಂಗತಿಯನ್ನು ಆರಂಭದಿಂದಲೇ ತಲೆಯಲ್ಲಿಟ್ಟುಕೊಂಡರೆ ಅರ್ಧ ಗೊಂದಲ ತಾನಾಗಿ ಕರಗುತ್ತದೆ. ಈ ಪ್ರಭೇದಗಳಲ್ಲಿ ಕೆಲವು ಉಳಿದವುಗಳ ಸಂಕರದಿಂದ ಹುಟ್ಟಿದವು. ಅವು ತಂದೆತಾಯಿಯರ ನಡುವೆ ಎಲ್ಲೋ ನಿಂತಂತೆ ಕಾಣುವುದಕ್ಕೆ ಕಾರಣ ಅದೇ.

ಮೊದಲಿಗೆ ಪದಗಳ ಬಗ್ಗೆ ಒಂದು ಮಾತು. ಇಲ್ಲಿ ಇಡೀ ಎಲೆಯನ್ನು ಗರಿ ಎಂದೂ, ಅದರ ನಡುದಿಂಡಿನ ಎರಡು ಕಡೆಗೂ ಸಾಲಾಗಿ ಹೊರಟ ಭಾಗಗಳನ್ನು ಪರ್ಣಿಕೆ ಎಂದೂ, ಪರ್ಣಿಕೆ ಮತ್ತೊಮ್ಮೆ ಪೂರ್ತಿ ವಿಭಾಗವಾದಾಗ ಸಿಗುವ ತುಣುಕುಗಳನ್ನು ಕಿರುಪರ್ಣಿಕೆ ಎಂದೂ ಕರೆದಿದ್ದೇನೆ. ಬುಡದಿಂದ ಮೊದಲ ಪರ್ಣಿಕೆಯವರೆಗಿನ ಬರಿಯ ಭಾಗವೇ ತೊಟ್ಟು. ಅದಕ್ಕೆ ಅಂಟಿಕೊಂಡಿರುವ ತೆಳುವಾದ ಒಣ ಪೊರೆಗಳೇ ಹುರುಪೆಗಳು. ಪರ್ಣಿಕೆಯ ಅಡಿಯಲ್ಲಿ ಬೀಜಕಗಳನ್ನು, ಅಂದರೆ ಜರಿಯ ಸಂತಾನದ ಪುಡಿಯನ್ನು, ಹೊತ್ತ ಕೋಶಗಳ ಗುಂಪೇ ಬೀಜಕಗುಚ್ಛ.

ಮೊದಲ ಹಂತ: ಕುಲವನ್ನು ಖಚಿತಪಡಿಸಿಕೊಳ್ಳುವುದು

ಹತ್ತು ಪಟ್ಟು ಹಿಗ್ಗಿಸುವ ಕೈಮಸೂರ, ಮಿಲಿಮೀಟರ್ ಗುರುತುಗಳುಳ್ಳ ಅಳತೆಪಟ್ಟಿ, ಟಿಪ್ಪಣಿ ಪುಸ್ತಕ, ಹತ್ತಿರದಿಂದ ಸ್ಪಷ್ಟ ಚಿತ್ರ ತೆಗೆಯಬಲ್ಲ ಕ್ಯಾಮೆರಾ, ಇಷ್ಟಿದ್ದರೆ ಸಲಕರಣೆ ಸಾಕು. ಮಸೂರವಿಲ್ಲದೆ ಈ ಕೆಲಸಕ್ಕೆ ಇಳಿಯಬಾರದು. ನಿರ್ಣಾಯಕವಾದ ಲಕ್ಷಣಗಳಲ್ಲಿ ಒಂದು ಬರಿಗಣ್ಣಿಗೆ ಕಾಣುವುದೇ ಇಲ್ಲ.

ಪಾಲಿಸ್ಟಿಕಮ್ ಕುಲದ ಗಿಡವನ್ನು ಹಿಡಿಯಲು ಮೂರು ಗುರುತುಗಳನ್ನು ಒಟ್ಟಿಗೆ ನೋಡಬೇಕು. ಮೊದಲನೆಯದು ಪರ್ಣಿಕೆಯ ಬುಡ. ಅದರ ಎರಡು ಪಕ್ಕಗಳು ಸಮನಾಗಿರುವುದಿಲ್ಲ. ಗರಿಯ ತುದಿಯ ಕಡೆಗಿರುವ ಪಕ್ಕದಲ್ಲಿ ಕಿವಿಯಂಥ ಒಂದು ಹಾಲೆ ಮೇಲಕ್ಕೆ ಚಾಚಿಕೊಂಡಿರುತ್ತದೆ, ಕೆಳಗಿನ ಪಕ್ಕ ಓರೆಯಾಗಿ ಕತ್ತರಿಸಿದಂತಿರುತ್ತದೆ. ಎರಡನೆಯದು ಅಂಚು. ಹೆಚ್ಚಿನ ಪ್ರಭೇದಗಳಲ್ಲಿ ಅಂಚಿನ ಹಲ್ಲುಗಳು ಬಿರುಗೂದಲಿನಂಥ ಸಣ್ಣ ಮುಳ್ಳಿನಲ್ಲಿ ಕೊನೆಗೊಳ್ಳುತ್ತವೆ. ಮೂರನೆಯದು ಪರ್ಣಿಕೆಯ ಅಡಿಭಾಗದ ಬೀಜಕಗುಚ್ಛ. ಅದು ದುಂಡಗಿದ್ದು, ಅದರ ಮೇಲಿನ ತೆಳುವಾದ ಹೊದಿಕೆ ನಡುವಿನ ಒಂದು ಬಿಂದುವಿನಲ್ಲಿ ಮಾತ್ರ ಅಂಟಿಕೊಂಡು, ಕೊಡೆಯಂತೆ ಸುತ್ತಲೂ ಹರಡಿರುತ್ತದೆ. ಗಿಡದ ಬುಡದಲ್ಲಿ ಗಿಡ್ಡನೆಯ, ನೆಟ್ಟಗೆ ಅಥವಾ ಓರೆಯಾಗಿ ಬೆಳೆಯುವ, ಹುರುಪೆ ತುಂಬಿದ ಬೇರುಕಾಂಡವಿದ್ದು, ಗರಿಗಳೆಲ್ಲ ಅಲ್ಲಿಂದಲೇ ವೃತ್ತಾಕಾರವಾಗಿ ಮೇಲೇಳುತ್ತವೆ.

ಬಂಡೆಯ ಮೇಲೆ ಬೆಳೆಯುವ ಬೇರೆ ಜರಿಗಳನ್ನು ಈ ಹಂತದಲ್ಲೇ ಬದಿಗಿಡಬಹುದು. ಪಾಲಿಪೋಡಿಯಮ್ ಕುಲದವುಗಳಲ್ಲಿ ಗುಚ್ಛದ ಮೇಲೆ ಹೊದಿಕೆಯೇ ಇರುವುದಿಲ್ಲ, ಪರ್ಣಿಕೆಗಳು ಅಗಲವಾದ ಬುಡದಿಂದ ನಡುದಿಂಡಿಗೆ ಕೂಡಿಕೊಂಡಿರುತ್ತವೆ, ಕಾಂಡ ಅಡ್ಡಡ್ಡ ಹರಿದಾಡುತ್ತದೆ. ಡಿಯರ್ ಫರ್ನ್ ಎಂಬುದರ ಗರಿಯೂ ಒಂದೇ ಬಾರಿ ಸೀಳಿದ್ದು, ದೂರಕ್ಕೆ ಖಡ್ಗಜರಿಯಂತೆಯೇ ಕಾಣುತ್ತದೆ. ಆದರೆ ಅದರ ಪರ್ಣಿಕೆಗೆ ಕಿವಿಯೂ ಇಲ್ಲ, ಮುಳ್ಳುಹಲ್ಲೂ ಇಲ್ಲ, ಮೇಲಾಗಿ ಬೀಜಕ ಹೊರುವ ಗರಿಗಳು ಬೇರೆಯಾಗಿದ್ದು ಕಿರಿದಾದ ಪರ್ಣಿಕೆಗಳೊಡನೆ ನೆಟ್ಟಗೆ ನಿಂತಿರುತ್ತವೆ. ವುಡ್ಸಿಯ, ಸಿಸ್ಟಾಪ್ಟೆರಿಸ್ ಮೊದಲಾದವು ಮೆದುವಾದ ಎಲೆಯವು, ಚಳಿಗಾಲಕ್ಕೆ ಒಣಗಿಹೋಗುವಂಥವು, ಖಡ್ಗಜರಿಗಳು ನಿತ್ಯಹಸಿರು. ಉದ್ಯಾನಗಳಲ್ಲಿ ಸೋರ್ಡ್ ಫರ್ನ್ ಎಂದೇ ಮಾರುವ ನೆಫ್ರೊಲೆಪಿಸ್ ಬೆಚ್ಚನೆಯ ಪ್ರದೇಶಗಳ ಬೇರೊಂದು ಕುಲ. ಪರ್ವತದ ಇಳಿಜಾರಿನಲ್ಲಿ ಅದರ ಪ್ರಶ್ನೆ ಏಳುವುದಿಲ್ಲ.

ಎರಡನೆಯ ಹಂತ: ಕಲ್ಲನ್ನು ಓದುವುದು

ಗಿಡವನ್ನು ಮುಟ್ಟುವ ಮೊದಲು ಅದು ನಿಂತಿರುವ ಕಲ್ಲನ್ನು ನೋಡಿ ಬರೆದುಕೊಳ್ಳುವುದು ಒಳ್ಳೆಯದು. ಕಲ್ಲು ಹಸಿರುಗಪ್ಪಾಗಿ, ಮುಟ್ಟಿದರೆ ಮೇಣದಂತೆ ನುಣುಪಾಗಿದೆಯೇ? ಸುತ್ತಲಿನ ಮಣ್ಣು ತುಕ್ಕಿನ ಬಣ್ಣದ್ದಾಗಿ, ಸಸ್ಯಗಳು ವಿರಳವಾಗಿವೆಯೇ? ಹಾಗಿದ್ದರೆ ಅದು ಸರ್ಪೆಂಟೀನ್ ಅಥವಾ ಅದರ ಮೂಲಶಿಲೆಯಾದ ಪೆರಿಡೊಟೈಟ್ ಆಗಿರುವ ಸಾಧ್ಯತೆ ಹೆಚ್ಚು. ಇಂಥ ಶಿಲೆಗಳಿಂದಾದ ಮಣ್ಣಿನಲ್ಲಿ ಮೆಗ್ನೀಸಿಯಮ್ ವಿಪರೀತವಾಗಿಯೂ ಕ್ಯಾಲ್ಸಿಯಮ್ ಕೊರತೆಯಾಗಿಯೂ ಇದ್ದು, ನಿಕಲ್ ಮತ್ತು ಕ್ರೋಮಿಯಮ್‌ಗಳ ಪ್ರಮಾಣ ಬಹುಪಾಲು ಸಸ್ಯಗಳು ತಾಳಿಕೊಳ್ಳಲಾರದಷ್ಟು ಇರುತ್ತದೆ. ವಾಷಿಂಗ್ಟನ್ ರಾಜ್ಯದ ವೆನಾಚೀ ಪರ್ವತಗಳು, ಒರೆಗಾನ್ ಮತ್ತು ಕ್ಯಾಲಿಫೋರ್ನಿಯ ಗಡಿಯ ಕ್ಲಾಮತ್–ಸಿಸ್ಕಿಯೂ ಪ್ರದೇಶ ಈ ಶಿಲೆಗಳಿಗೆ ಹೆಸರಾದವು. ಲೆಮ್ಮೋನಿಯೈ ಎಂಬ ಪ್ರಭೇದ ಬಹುಮಟ್ಟಿಗೆ ಈ ಶಿಲೆಗಳಿಗೇ ಕಟ್ಟುಬಿದ್ದದ್ದು. ಸ್ಕಾಪ್ಯುಲಿನಮ್ ಕೂಡ ಹಲವೆಡೆ ಇವುಗಳ ಮೇಲೆಯೇ ಸಿಗುತ್ತದೆ. ಸುಣ್ಣಕಲ್ಲಿನ ಸಂದುಗಳಲ್ಲಾದರೆ ಲಾಂಕೈಟಿಸ್ ಇದ್ದೀತೆಂದು ಎದುರುನೋಡಬಹುದು.

ಆದರೂ ಶಿಲೆ ಸುಳಿವು ಕೊಡುತ್ತದೆಯೇ ವಿನಾ ತೀರ್ಪು ಕೊಡುವುದಿಲ್ಲ. ಲಾಂಕೈಟಿಸ್ ಗ್ರಾನೈಟಿನ ಮೇಲೂ ಬೆಳೆಯುತ್ತದೆ, ಇಂಬ್ರಿಕಾನ್ಸ್‌ಗೆ ಯಾವ ಕಲ್ಲಾದರೂ ಆದೀತು. ಕಲ್ಲನ್ನು ನೋಡಿ ಮೊದಲೇ ಹೆಸರು ಕೊಟ್ಟು, ಆಮೇಲೆ ಗಿಡದಲ್ಲಿ ಅದಕ್ಕೆ ಬೇಕಾದ ಲಕ್ಷಣಗಳನ್ನು ಹುಡುಕುವುದು ಈ ಗುಂಪಿನಲ್ಲಿ ದಾರಿ ತಪ್ಪುವ ಅತಿ ಸುಲಭದ ವಿಧಾನ.

ಮೂರನೆಯ ಹಂತ: ಸರಿಯಾದ ಗರಿಯನ್ನು ಆರಿಸಿ ಅಳೆಯುವುದು

ಪರೀಕ್ಷೆಗೆ ಆರಿಸುವ ಗರಿ ಈ ವರ್ಷದ್ದಾಗಿರಬೇಕು, ಪೂರ್ತಿ ಬಿಚ್ಚಿಕೊಂಡಿರಬೇಕು, ಬೀಜಕಗುಚ್ಛ ಹೊತ್ತಿರಬೇಕು. ಎತ್ತರದ ಇಳಿಜಾರುಗಳಲ್ಲಿ ಜುಲೈ–ಆಗಸ್ಟ್ ಹೊತ್ತಿಗೆ ಇಂಥ ಗರಿಗಳು ಸಿಗುತ್ತವೆ. ಅದಕ್ಕೂ ಮೊದಲು ಹೋದರೆ ಸುರುಳಿ ಬಿಚ್ಚುತ್ತಿರುವ ಗರಿಗಳೇ ಹೆಚ್ಚು. ಆ ಅವಸ್ಥೆಯಲ್ಲಿ ಎಲ್ಲ ಪ್ರಭೇದಗಳ ತೊಟ್ಟೂ ಹುರುಪೆಗಳಿಂದ ಮುಚ್ಚಿಹೋಗಿರುವುದರಿಂದ, ಉಳಿಯುವ ಹುರುಪೆ ಯಾವುದು, ಉದುರುವ ಹುರುಪೆ ಯಾವುದು ಎಂಬ ಪ್ರಶ್ನೆಗೆ ಉತ್ತರವೇ ಸಿಗದು. ತೀರ ತಡವಾಗಿ ಹೋದರೆ ಬೀಜಕಕೋಶಗಳು ಉಬ್ಬಿ ಒಡೆದು, ಹೊದಿಕೆಗಳು ಮುರುಟಿ ಉದುರಿರುತ್ತವೆ. ಹೋದ ವರ್ಷದ ಗರಿಗಳು ನೆಲಕ್ಕೆ ಒರಗಿ ಮಂಕಾಗಿರುತ್ತವೆ, ಅವುಗಳನ್ನು ಬಿಟ್ಟುಬಿಡಬೇಕು.

ತೊಟ್ಟಿನ ಉದ್ದ ಅಳೆಯುವಾಗ ಎಚ್ಚರ ಬೇಕು. ಬಂಡೆಯ ಸಂದಿನಲ್ಲಿ ತೊಟ್ಟಿನ ಕೆಳಭಾಗ ಕಸಕಡ್ಡಿಗಳಲ್ಲೂ ಹಳೆಯ ತೊಟ್ಟುಗಳ ಮೋಟುಗಳಲ್ಲೂ ಹೂತಿರುತ್ತದೆ. ಬೆರಳಿನಿಂದ ಮೆಲ್ಲಗೆ ಬಿಡಿಸಿ, ತೊಟ್ಟು ಬೇರುಕಾಂಡದಿಂದ ಹೊರಡುವ ಜಾಗ ಕಾಣುವಂತೆ ಮಾಡಿಕೊಂಡು, ಅಲ್ಲಿಂದ ಅತಿ ಕೆಳಗಿನ ಪರ್ಣಿಕೆಯವರೆಗೆ ಒಂದು ಅಳತೆ, ಗರಿಯ ತುದಿಯವರೆಗೆ ಇನ್ನೊಂದು ಅಳತೆ ತೆಗೆದುಕೊಳ್ಳಬೇಕು. ಗರಿಯನ್ನು ಕೀಳುವ ಅಗತ್ಯವಿಲ್ಲ. ಕೆಳಗಿನ ಪರ್ಣಿಕೆ ಉದುರಿಹೋಗಿದ್ದರೆ ಅದರ ಗಾಯದ ಗುರುತು ನಡುದಿಂಡಿನ ಮೇಲೆ ಉಳಿದಿರುತ್ತದೆ. ಅದನ್ನು ಗಮನಿಸದೆ ಅಳೆದರೆ ಗಿಡ್ಡ ತೊಟ್ಟಿನ ಗಿಡವೂ ಉದ್ದ ತೊಟ್ಟಿನದೆಂದು ಲೆಕ್ಕಕ್ಕೆ ಬರುತ್ತದೆ. ಗರಿ 40 ಸೆಂಟಿಮೀಟರ್, ತೊಟ್ಟು 10 ಸೆಂಟಿಮೀಟರ್ ಆದರೆ ಪಾಲು ಕಾಲುಭಾಗ. ಅದೇ ಗರಿಯಲ್ಲಿ ತೊಟ್ಟು 3 ಸೆಂಟಿಮೀಟರ್ ಮಾತ್ರ ಇದ್ದರೆ ಹದಿಮೂರರಲ್ಲಿ ಒಂದು ಪಾಲು. ಒಂದೇ ಗಿಡದ ಮೂರು ನಾಲ್ಕು ಗರಿಗಳನ್ನಾದರೂ ಅಳೆದು ನೋಡಬೇಕು.

ನಾಲ್ಕನೆಯ ಹಂತ: ಸೀಳಿನ ಆಳ ನೋಡಿ ಎರಡು ಗುಂಪು ಮಾಡುವುದು

ಗರಿಯ ಕೆಳ ಅರ್ಧದಲ್ಲಿರುವ, ಆದರೆ ಅತಿ ಬುಡದ್ದಲ್ಲದ ಒಂದು ಪರ್ಣಿಕೆಯನ್ನು ಹಿಡಿದು, ಅದರ ಅಂಚು ಒಳಕ್ಕೆ ಎಷ್ಟು ಸೀಳಿದೆ ಎಂದು ನೋಡಬೇಕು. ಪರ್ಣಿಕೆಗಳು ಮಡಿಸಿಕೊಂಡಿರುವುದು ಇಲ್ಲಿ ಸಾಮಾನ್ಯ. ಹಾಗಾಗಿ ಎರಡು ಬೆರಳುಗಳ ನಡುವೆ ಬಿಡಿಸಿ ಚಪ್ಪಟೆ ಮಾಡಿಕೊಂಡೇ ನೋಡಬೇಕು. ಅಂಚಿನಲ್ಲಿ ಹಲ್ಲುಗಳಷ್ಟೇ ಇದ್ದು, ಬುಡದ ಕಿವಿಯೊಂದನ್ನು ಬಿಟ್ಟರೆ ಬೇರೆ ಹಾಲೆಗಳಿಲ್ಲದಿದ್ದರೆ ಅದು ಸೀಳದ ಗುಂಪು: ಮ್ಯುನಿಟಮ್, ಇಂಬ್ರಿಕಾನ್ಸ್, ಲಾಂಕೈಟಿಸ್. ಸೀಳು ಪರ್ಣಿಕೆಯ ನಡುನರದವರೆಗೆ, ಅಥವಾ ಬುಡದ ಕಡೆಯಲ್ಲಾದರೂ ಅದರ ಹತ್ತಿರದವರೆಗೆ ಹೋಗಿದ್ದರೆ ಸೀಳಿದ ಗುಂಪು: ಲೆಮ್ಮೋನಿಯೈ, ಸ್ಕಾಪ್ಯುಲಿನಮ್. ಕ್ರುಕೆಬರ್ಗಿಯೈ ಈ ಎರಡರ ನಡುವಿನ ಗಡಿಯಲ್ಲಿ ಕೂತಿದೆ. ಅದಕ್ಕೆ ಮುಂದೆ ಬರೋಣ.

ಐದನೆಯ ಹಂತ: ಸೀಳದ ಗುಂಪನ್ನು ಬಿಡಿಸುವುದು

ಇಲ್ಲಿ ಲಾಂಕೈಟಿಸ್ ಅನ್ನು ಮೊದಲು ಬೇರ್ಪಡಿಸಿಬಿಡಬೇಕು, ಏಕೆಂದರೆ ಅದು ಸುಲಭ. ಅದರ ತೊಟ್ಟು ತೀರ ಗಿಡ್ಡ. ಗರಿಯ ಉದ್ದದ ಆರರಲ್ಲಿ ಒಂದು ಪಾಲನ್ನು ಮೀರುವುದು ಅಪರೂಪ, ಹಲವು ಗರಿಗಳಲ್ಲಿ ತೊಟ್ಟೇ ಇಲ್ಲವೇನೋ ಎನ್ನಿಸುವಷ್ಟು ಕಡಿಮೆ. ಕೆಳಗೆ ಇಳಿದಂತೆ ಪರ್ಣಿಕೆಗಳು ಕುಗ್ಗುತ್ತ ಹೋಗಿ, ಬುಡದವು ಪುಟ್ಟ ತ್ರಿಕೋನಗಳಾಗಿ ಉಳಿಯುತ್ತವೆ. ಇದರಿಂದ ಇಡೀ ಗರಿ ಎರಡೂ ತುದಿಗೆ ಚೂಪಾದ ಕಿರಿದಾದ ಪಟ್ಟಿಯಂತಾಗುತ್ತದೆ. ಪರ್ಣಿಕೆಗಳು ದಪ್ಪ, ಅಂಚಿನ ಮುಳ್ಳುಗಳು ಹೊರಚಾಚಿ ಕೈಗೆ ಚುಚ್ಚುವಂಥವು. ಗರಿ 10ರಿಂದ 60 ಸೆಂಟಿಮೀಟರ್. ಈ ಗುಂಪಿನಲ್ಲಿ ವಿಶ್ವವ್ಯಾಪಿ ಎನ್ನಬಹುದಾದದ್ದು ಇದೊಂದೇ. ಉತ್ತರ ಗೋಳಾರ್ಧದ ತಂಪು ಪರ್ವತಗಳಲ್ಲಿ, ಯುರೋಪಿನ ಆಲ್ಪ್ಸ್‌ನಲ್ಲೂ ಏಷ್ಯದಲ್ಲೂ ಇದು ಸ್ವಾಭಾವಿಕವಾಗಿ ಬೆಳೆಯುತ್ತದೆ. ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ 1753ರಲ್ಲೇ ಇದಕ್ಕೆ ಹೆಸರಿಟ್ಟಿದ್ದ. ಉಳಿದ ಐದಕ್ಕೂ ಹೆಸರು ಸಿಕ್ಕಿದ್ದು ಬಹಳ ತಡವಾಗಿ.

ನಿಜವಾದ ಕಷ್ಟವಿರುವುದು ಮ್ಯುನಿಟಮ್ ಮತ್ತು ಇಂಬ್ರಿಕಾನ್ಸ್‌ಗಳ ನಡುವೆ. ಇಂಬ್ರಿಕಾನ್ಸ್ ಅನ್ನು ಬಹುಕಾಲ ಮ್ಯುನಿಟಮ್‌ನ ಒಂದು ಬಗೆಯೆಂದೇ ಎಣಿಸುತ್ತಿದ್ದರು. ಅದನ್ನು ಸ್ವತಂತ್ರ ಪ್ರಭೇದವೆಂದು ಸಸ್ಯವಿಜ್ಞಾನಿ ಡೇವಿಡ್ ವ್ಯಾಗ್ನರ್ ನಿರೂಪಿಸಿದ್ದು 1979ರಲ್ಲಿ. ಹಳೆಯವರ ತಿಳಿವಳಿಕೆಯಲ್ಲಿ ತಪ್ಪು ಹುಡುಕುವಂತಿಲ್ಲ, ಏಕೆಂದರೆ ಬಿಸಿಲಿಗೆ ಒಡ್ಡಿಕೊಂಡ ಬಂಡೆಯಲ್ಲಿ ಬೆಳೆದ ಮ್ಯುನಿಟಮ್ ಗಿಡ್ಡವಾಗುತ್ತದೆ, ಅದರ ಪರ್ಣಿಕೆಗಳು ಒತ್ತೊತ್ತಾಗಿ ಸೇರಿ ಮೇಲಕ್ಕೆ ಮಡಿಸಿಕೊಳ್ಳುತ್ತವೆ, ಆಗ ಅದು ಇಂಬ್ರಿಕಾನ್ಸ್‌ನ ಚಿತ್ರವೇ ಆಗಿಬಿಡುತ್ತದೆ. ಇದಕ್ಕೆ ವ್ಯತಿರಿಕ್ತವಾಗಿ, ನೆರಳಿನಲ್ಲಿ ಬೆಳೆದ ಇಂಬ್ರಿಕಾನ್ಸ್ ಸಡಿಲವಾಗಿ ಹರಡಿ ಮ್ಯುನಿಟಮ್‌ನ ಎಳೆಯ ಗಿಡದಂತೆ ಕಾಣಬಹುದು. ಪರ್ಣಿಕೆಗಳು ಹೆಂಚಿನಂತೆ ಒಂದರ ಮೇಲೊಂದು ಹೊದ್ದಿರುವುದು, ನಡುದಿಂಡಿನ ಸಮತಲದಿಂದ ತಿರುಚಿಕೊಂಡು ಏಣಿಯ ಮೆಟ್ಟಿಲುಗಳಂತೆ ನಿಲ್ಲುವುದು ಇಂಬ್ರಿಕಾನ್ಸ್‌ನ ನಿಲುವು ಎಂಬುದು ನಿಜವೇ. ಅದನ್ನು ಮಾತ್ರ ನಂಬಿ ಹೆಸರು ಬರೆಯಬಾರದು ಅಷ್ಟೆ.

ಬಿಡಿಸುವ ದಾರಿ ಹೀಗಿದೆ. ಮೊದಲು ತೊಟ್ಟನ್ನು ನೋಡಬೇಕು. ಮ್ಯುನಿಟಮ್‌ನ ತೊಟ್ಟಿನ ಬುಡದಿಂದ ಹಿಡಿದು ನಡುದಿಂಡಿನವರೆಗೂ ಕಂದುಬಣ್ಣದ ಹುರುಪೆಗಳು ಉಳಿದುಕೊಂಡಿರುತ್ತವೆ. ಅಗಲವಾದ ದೊಡ್ಡ ಹುರುಪೆಗಳ ನಡುವೆ ಕೂದಲಿನಷ್ಟು ಸಣ್ಣವೂ ಬೆರೆತಿರುತ್ತವೆ, ಬೆರಳಿನಿಂದ ಸವರಿದರೆ ಒರಟೊರಟಾಗಿ ತಾಗುತ್ತದೆ. ಇಂಬ್ರಿಕಾನ್ಸ್‌ನಲ್ಲಿ ಬುಡದ ತೀರ ಹತ್ತಿರ ದಟ್ಟವಾದ ಹುರುಪೆಯ ಕುಚ್ಚೊಂದಿದ್ದು, ಅಲ್ಲಿಂದ ಮೇಲಕ್ಕೆ ಹುರುಪೆಗಳು ಬೇಗ ಉದುರಿಹೋಗುವುದರಿಂದ ತೊಟ್ಟಿನ ಮೇಲ್ಭಾಗ ನುಣ್ಣಗೆ, ಹಸಿರಾಗಿ ಅಥವಾ ಒಣಹುಲ್ಲಿನ ಬಣ್ಣದಲ್ಲಿ ಬರಿದಾಗಿ ಕಾಣುತ್ತದೆ. ಎರಡನೆಯದಾಗಿ ಹೊದಿಕೆ. ಪರ್ಣಿಕೆಯನ್ನು ತಿರುಗಿಸಿ, ಇನ್ನೂ ಮುರುಟದ ಗುಚ್ಛವೊಂದನ್ನು ಮಸೂರದ ಕೆಳಗೆ ಹಿಡಿದು, ಹೊದಿಕೆಯ ಅಂಚನ್ನು ಬೆಳಕಿಗೆ ಓರೆಯಾಗಿ ನೋಡಬೇಕು. ಅಂಚಿನಿಂದ ರೆಪ್ಪೆಗೂದಲಿನಂಥ ಸೂಕ್ಷ್ಮ ಎಳೆಗಳು ಹೊರಟಿದ್ದರೆ ಅದು ಮ್ಯುನಿಟಮ್. ಅಂಚು ನಯವಾಗಿದ್ದರೆ ಅಥವಾ ಹಲ್ಲುಹಲ್ಲಾಗಿದ್ದು ಎಳೆಗಳಿಲ್ಲದಿದ್ದರೆ ಇಂಬ್ರಿಕಾನ್ಸ್. ಒಂದು ಗುಚ್ಛದಿಂದ ತೃಪ್ತರಾಗದೆ ಬೇರೆಬೇರೆ ಪರ್ಣಿಕೆಗಳ ಹತ್ತಾರು ಗುಚ್ಛಗಳನ್ನು ನೋಡಬೇಕು. ಹಳೆಯ ಹೊದಿಕೆಯ ಹರಿದ ಅಂಚು ರೆಪ್ಪೆಯೆಳೆಯ ಭ್ರಮೆ ಹುಟ್ಟಿಸುತ್ತದೆ. ಹರಿದ ಅಂಚಿನ ಚೂರುಗಳು ಅಗಲವಾಗಿ, ಅಸಮವಾಗಿ ಇರುತ್ತವೆ. ನಿಜವಾದ ಎಳೆಗಳು ಒಂದೇ ಸಮನಾಗಿ ಸುತ್ತಲೂ ಹಬ್ಬಿರುತ್ತವೆ.

ಹುರುಪೆ ಮತ್ತು ಹೊದಿಕೆ ಎರಡೂ ಒಂದೇ ಮಾತು ಹೇಳಿದರೆ ಗಾತ್ರವನ್ನು ಮರೆತು ಆ ಹೆಸರನ್ನೇ ಬರೆಯಬಹುದು. ಎರಡೂ ಪರಸ್ಪರ ವಿರುದ್ಧವಾಗಿ ಹೇಳಿದರೆ, ಹೊದಿಕೆಗೆ ಹೆಚ್ಚು ಮನ್ನಣೆ ಕೊಡಬೇಕೆಂಬುದು ನನ್ನ ಅಭಿಪ್ರಾಯ. ಹುರುಪೆಗಳು ಗಾಳಿ, ಹಿಮ, ಪ್ರಾಣಿಗಳ ಓಡಾಟದಿಂದಲೂ ಉದುರಬಹುದು, ಹೊದಿಕೆಯ ಅಂಚಿನ ಸ್ವರೂಪ ಹಾಗೆ ಬದಲಾಗದು. ಗಾತ್ರದ ಲೆಕ್ಕವನ್ನು ಪೂರಕವಾಗಿ ಮಾತ್ರ ಇಟ್ಟುಕೊಳ್ಳಬಹುದು: ಮ್ಯುನಿಟಮ್ ಸಾಮಾನ್ಯವಾಗಿ ಅರ್ಧ ಮೀಟರಿನಿಂದ ಮೇಲ್ಪಟ್ಟು 1.8 ಮೀಟರಿನವರೆಗೂ ಬೆಳೆಯುತ್ತದೆ, ಇಂಬ್ರಿಕಾನ್ಸ್ ಹೆಚ್ಚಾಗಿ 20ರಿಂದ 60 ಸೆಂಟಿಮೀಟರ್. ಇಂಬ್ರಿಕಾನ್ಸ್‌ನಲ್ಲಿ ಕರ್ಟಮ್ ಎಂಬ ಇನ್ನೊಂದು ಉಪಪ್ರಭೇದವೂ ಕ್ಯಾಲಿಫೋರ್ನಿಯದ ದಕ್ಷಿಣ ಭಾಗಗಳಲ್ಲಿ ಸಿಗುತ್ತದೆ. ಅದರ ಪರ್ಣಿಕೆಗಳು ಅಷ್ಟು ಒತ್ತಾಗಿ ಹೊದ್ದಿರುವುದಿಲ್ಲವಾದ್ದರಿಂದ, ಆ ಕಡೆ ಹುಡುಕುವವರು ನಿಲುವಿನ ಮೇಲೆ ಇನ್ನಷ್ಟು ಕಡಿಮೆ ಭಾರ ಹಾಕಬೇಕು.

ಆರನೆಯ ಹಂತ: ಸೀಳಿದ ಗುಂಪು

ಲೆಮ್ಮೋನಿಯೈ, ಅಂದರೆ ಶಾಸ್ತಾ ಫರ್ನ್, ಒಮ್ಮೆ ಕಣ್ಣಿಗೆ ಬಿದ್ದರೆ ಮರೆಯುವಂಥದ್ದಲ್ಲ. ಪರ್ಣಿಕೆಗಳು ನಡುನರದವರೆಗೂ ಸೀಳಿ ದುಂಡನೆಯ ಕಿರುಪರ್ಣಿಕೆಗಳಾಗಿರುತ್ತವೆ. ಅವು ಒಂದರ ಮೇಲೊಂದು ದಟ್ಟವಾಗಿ ಹೇರಿಕೊಂಡು ಗರಿಗೆ ಒಂದು ದಪ್ಪವನ್ನು, ಉಬ್ಬನ್ನು ತಂದುಕೊಟ್ಟಿರುತ್ತವೆ. ನಿರ್ಣಾಯಕವಾದದ್ದು ಮುಳ್ಳಿನ ಅಭಾವ. ಈ ಕುಲದಲ್ಲಿದ್ದೂ ಇದರ ಕಿರುಪರ್ಣಿಕೆಯ ತುದಿ ಮೊಂಡು. ಬೆರಳಿನಿಂದ ಸವರಿದರೆ ಎಲ್ಲಿಯೂ ಚುಚ್ಚುವುದಿಲ್ಲ. ಹಾಗಾಗಿ ಕುಲವನ್ನು ಖಚಿತಪಡಿಸಿಕೊಳ್ಳುವಾಗ ಮುಳ್ಳುಹಲ್ಲನ್ನೇ ಕಡ್ಡಾಯವೆಂದು ಹಿಡಿದವರು ಇದನ್ನು ಕುಲದಿಂದಲೇ ಹೊರಗಿಟ್ಟುಬಿಡುವ ಅಪಾಯವಿದೆ. ಗುಚ್ಛದ ಕೊಡೆಹೊದಿಕೆಯನ್ನು ನೋಡಿದರೆ ಸಂಶಯ ಪರಿಹಾರವಾಗುತ್ತದೆ. ಗರಿ 10ರಿಂದ 35 ಸೆಂಟಿಮೀಟರ್. ಕ್ಯಾಲಿಫೋರ್ನಿಯ, ಒರೆಗಾನ್, ವಾಷಿಂಗ್ಟನ್‌ಗಳ ಸರ್ಪೆಂಟೀನ್ ಇಳಿಜಾರುಗಳೇ ಇದರ ನೆಲೆ. ಕೆನಡಾದಲ್ಲಿ ಬ್ರಿಟಿಷ್ ಕೊಲಂಬಿಯದ ದಕ್ಷಿಣ ಅಂಚಿನಲ್ಲಿ ಅತಿ ವಿರಳವಾಗಿದ್ದು, ಅಲ್ಲಿ ಅಳಿವಿನ ಭೀತಿಯಲ್ಲಿರುವ ಸಸ್ಯವೆಂದು ಗುರುತಿಸಲಾಗಿದೆ.

ಸ್ಕಾಪ್ಯುಲಿನಮ್‌ನಲ್ಲಿ ಸೀಳು ಅರ್ಧಂಬರ್ಧ. ಪರ್ಣಿಕೆಯ ಬುಡದ ಭಾಗದಲ್ಲಿ ಒಂದೆರಡು ಹಾಲೆಗಳು ನಡುನರದ ಹತ್ತಿರದವರೆಗೆ ಬೇರ್ಪಟ್ಟಿದ್ದು, ಅಲ್ಲಿಂದ ತುದಿಯವರೆಗೆ ಬರಿಯ ಹಲ್ಲುಗಳಿರುತ್ತವೆ. ಪರ್ಣಿಕೆಗಳು ಒಳಮುಖವಾಗಿ ಮಡಿಸಿಕೊಂಡು, ಇಂಬ್ರಿಕಾನ್ಸ್‌ನಂತೆಯೇ ಒಂದರ ಮೇಲೊಂದು ಹೊದ್ದಿರುತ್ತವೆ. ಹಲ್ಲುಗಳಲ್ಲಿ ಸಣ್ಣ ಮುಳ್ಳುಗಳಿವೆ, ಆದರೆ ಅವು ಹೊರಗೆ ಚಾಚದೆ ಪರ್ಣಿಕೆಯ ತುದಿಯ ಕಡೆಗೆ ಬಾಗಿರುತ್ತವೆ. ತೊಟ್ಟು ಲಾಂಕೈಟಿಸ್‌ಗಿಂತ ಸ್ಪಷ್ಟವಾಗಿ ಉದ್ದ. ಇದರ ಹರವು ವಿಚಿತ್ರವಾದದ್ದು: ಪಶ್ಚಿಮದ ಪರ್ವತಗಳಲ್ಲಿ ಚದುರಿಕೊಂಡಿರುವ ಇದು, ಇಡೀ ಖಂಡವನ್ನು ದಾಟಿ ಕ್ವಿಬೆಕ್‌ನ ಗ್ಯಾಸ್ಪೆ ಪರ್ಯಾಯದ್ವೀಪದ ಮೌಂಟ್ ಆಲ್ಬರ್ಟ್‌ನಲ್ಲೂ ನ್ಯೂಫೌಂಡ್‌ಲ್ಯಾಂಡ್‌ನಲ್ಲೂ ಪ್ರತ್ಯಕ್ಷವಾಗುತ್ತದೆ, ಅಲ್ಲೆಲ್ಲ ಅದು ನಿಂತಿರುವುದು ಸರ್ಪೆಂಟೀನ್ ಜಾತಿಯ ಶಿಲೆಗಳ ಮೇಲೆ.

ಇನ್ನು ಕ್ರುಕೆಬರ್ಗಿಯೈ. ಇನ್ನೊಬ್ಬ ಸಸ್ಯವಿಜ್ಞಾನಿ ವಾರನ್ ವ್ಯಾಗ್ನರ್ 1966ರಲ್ಲಿ ವಿವರಿಸಿದ ಈ ಪ್ರಭೇದಕ್ಕೆ, ಸರ್ಪೆಂಟೀನ್ ಸಸ್ಯಗಳ ಅಧ್ಯಯನಕ್ಕೆ ಹೆಸರಾದ ವಾಷಿಂಗ್ಟನ್ ವಿಶ್ವವಿದ್ಯಾಲಯದ ಆರ್ಥರ್ ಕ್ರುಕೆಬರ್ಗ್ ಅವರ ಹೆಸರನ್ನಿಡಲಾಗಿದೆ. ಎಲ್ಲಕ್ಕಿಂತ ಕುಳ್ಳಗಿನದು ಇದು. ಗರಿ ಹೆಚ್ಚಾಗಿ 10ರಿಂದ 25 ಸೆಂಟಿಮೀಟರ್. ತೊಟ್ಟು ಗಿಡ್ಡ, ಕೆಳಗಿನ ಪರ್ಣಿಕೆಗಳು ಕುಗ್ಗಿ ತ್ರಿಕೋನಗಳಾಗಿರುತ್ತವೆ. ಇದಿಷ್ಟೂ ಲಾಂಕೈಟಿಸ್‌ನ ಲಕ್ಷಣವೇ. ಆದರೆ ಪರ್ಣಿಕೆಗಳು ತೀರ ಮೊಟಕಾಗಿ, ಅಗಲವಾಗಿದ್ದು, ಅಂಚಿನ ಹಲ್ಲುಗಳು ದೊಡ್ಡದಾಗಿ ಒರಟಾಗಿರುತ್ತವೆ. ಕೆಲವು ಹಲ್ಲುಗಳು, ವಿಶೇಷವಾಗಿ ಬುಡದವು, ಹಾಲೆಗಳೆಂದೇ ಕರೆಯಬಹುದಾದಷ್ಟು ಆಳಕ್ಕೆ ಇಳಿದಿರುತ್ತವೆ. ಸ್ಕಾಪ್ಯುಲಿನಮ್‌ನೊಂದಿಗೆ ಗೊಂದಲವಾದರೆ ಹಲ್ಲಿನ ದಿಕ್ಕನ್ನು ನೋಡಬೇಕು: ಕ್ರುಕೆಬರ್ಗಿಯೈಯ ಹಲ್ಲುಗಳು ಹೊರಕ್ಕೆ ಚಾಚಿರುತ್ತವೆ, ಸ್ಕಾಪ್ಯುಲಿನಮ್‌ನವು ತುದಿಯ ಕಡೆಗೆ ಬಾಗಿರುತ್ತವೆ. ಲಾಂಕೈಟಿಸ್‌ನ ಎಳೆಯ ಗಿಡವೊಂದನ್ನು ಕ್ರುಕೆಬರ್ಗಿಯೈ ಎಂದು ಭಾವಿಸುವುದೂ ಸುಲಭವೇ. ಆದ್ದರಿಂದ ಬೀಜಕಗುಚ್ಛವಿಲ್ಲದ ಪುಟ್ಟ ಗಿಡಕ್ಕೆ ಹೆಸರಿಡದೆ, ಅದೇ ಸಂದಿನಲ್ಲಿ ಬೆಳೆದ ಪ್ರೌಢ ಗಿಡವನ್ನು ಹುಡುಕಬೇಕು.

ಕಣಿವೆಗಳಿಗೆ, ಕರಾವಳಿಯ ಕಡೆಗೆ ಇಳಿದಂತೆ ಇನ್ನೂ ಕೆಲವು ಬಂಧುಗಳು ಎದುರಾಗುತ್ತವೆ. ನಡುದಿಂಡಿನ ತುದಿಯ ಹತ್ತಿರ ಹುರುಪೆ ಹೊದ್ದ ಮೊಗ್ಗೊಂದು ಕಂಡರೆ ಅದು ಆಂಡರ್ಸೋನಿಯೈ. ಬೇರೆ ಯಾವ ಪರೀಕ್ಷೆಯೂ ಬೇಡ. ಕ್ಯಾಲಿಫೋರ್ನಿಯದ ಕರಾವಳಿ ಬೆಟ್ಟಗಳಲ್ಲಿ ಎರಡು ಬಾರಿ ಸೀಳಿದ, ಮುಳ್ಳುಳ್ಳ ಡಡ್ಲಿಯೈ ಸಿಗುತ್ತದೆ; ಅದಕ್ಕೂ ಮ್ಯುನಿಟಮ್‌ಗೂ ನಡುವಿನಂತೆ ಕಾಣುವುದು ಕ್ಯಾಲಿಫೋರ್ನಿಕಮ್. ಖಂಡದ ಪೂರ್ವಾರ್ಧದ ಕಲ್ಲುಗಾಡುಗಳಲ್ಲಿ ಅಡ್ಡಾಡುವವರಿಗೆ ಸಿಗುವುದು ಕ್ರಿಸ್‌ಮಸ್ ಫರ್ನ್ ಎಂಬ ಆಕ್ರೊಸ್ಟಿಕಾಯ್ಡಿಸ್. ಅದರಲ್ಲಿ ಬೀಜಕ ಹೊರುವ ತುದಿಯ ಪರ್ಣಿಕೆಗಳು ಥಟ್ಟನೆ ಕಿರಿದಾಗಿರುವುದರಿಂದ ದೂರದಿಂದಲೇ ಗುರುತು ಸಿಗುತ್ತದೆ.

ಏಳನೆಯ ಹಂತ: ವಂಶವನ್ನು ನೆನಪಿಗೆ ತಂದುಕೊಂಡು ಮರುಪರಿಶೀಲಿಸುವುದು

ಮೇಲಿನ ಲಕ್ಷಣಗಳನ್ನು ಬಾಯಿಪಾಠ ಮಾಡುವುದಕ್ಕಿಂತ ಅವು ಎಲ್ಲಿಂದ ಬಂದವೆಂದು ತಿಳಿಯುವುದು ಹೆಚ್ಚು ಉಪಯುಕ್ತ. ಮ್ಯುನಿಟಮ್, ಇಂಬ್ರಿಕಾನ್ಸ್, ಲಾಂಕೈಟಿಸ್, ಲೆಮ್ಮೋನಿಯೈ ನಾಲ್ಕೂ 82 ವರ್ಣತಂತುಗಳುಳ್ಳ, ಅಂದರೆ 41 ಜೋಡಿಗಳ ಮೂಲ ಪ್ರಭೇದಗಳು. ಸ್ಕಾಪ್ಯುಲಿನಮ್ ಮತ್ತು ಕ್ರುಕೆಬರ್ಗಿಯೈಗಳಲ್ಲಿ ಅದರ ಎರಡರಷ್ಟು, 164. ಎರಡು ಮೂಲ ಪ್ರಭೇದಗಳು ಕೂಡಿದಾಗ ಹುಟ್ಟುವ ಸಂಕರದಲ್ಲಿ ವರ್ಣತಂತುಗಳು ಸರಿಯಾಗಿ ಜೋಡಿಯಾಗದೆ ಬೀಜಕಗಳು ಕೆಡುತ್ತವೆ. ಆದರೆ ಅಪರೂಪಕ್ಕೊಮ್ಮೆ ವರ್ಣತಂತುಗಳ ಸಂಖ್ಯೆಯೇ ಇಮ್ಮಡಿಯಾದರೆ ಪ್ರತಿಯೊಂದಕ್ಕೂ ಜೊತೆ ಸಿಕ್ಕಿ, ಸಂಕರವು ಫಲವಂತವಾದ ಹೊಸ ಪ್ರಭೇದವಾಗಿ ನೆಲೆ ನಿಲ್ಲುತ್ತದೆ. ಇಂಬ್ರಿಕಾನ್ಸ್ ಮತ್ತು ಲೆಮ್ಮೋನಿಯೈ ಕೂಡಿ ಸ್ಕಾಪ್ಯುಲಿನಮ್ ಆಯಿತು. ಲಾಂಕೈಟಿಸ್ ಮತ್ತು ಲೆಮ್ಮೋನಿಯೈ ಕೂಡಿ ಕ್ರುಕೆಬರ್ಗಿಯೈ ಆಯಿತು.

ಈ ಕಣ್ಣಿನಿಂದ ಮತ್ತೆ ನೋಡಿದರೆ ಲಕ್ಷಣಗಳೆಲ್ಲ ತಾವಾಗಿಯೇ ಸಾಲಿಗೆ ಬಂದು ನಿಲ್ಲುತ್ತವೆ. ಸ್ಕಾಪ್ಯುಲಿನಮ್‌ನ ಮಡಿಸಿಕೊಂಡ ಪರ್ಣಿಕೆ, ಉದ್ದ ತೊಟ್ಟು ಇಂಬ್ರಿಕಾನ್ಸ್‌ನಿಂದ ಬಂದವು. ಬುಡದ ಸೀಳು, ಸರ್ಪೆಂಟೀನಿನ ಒಲವು ಲೆಮ್ಮೋನಿಯೈಯಿಂದ ಬಂದವು. ಕ್ರುಕೆಬರ್ಗಿಯೈಯ ಗಿಡ್ಡ ತೊಟ್ಟು, ತ್ರಿಕೋನದ ಬುಡಪರ್ಣಿಕೆ, ಹೊರಚಾಚಿದ ಮುಳ್ಳು ಲಾಂಕೈಟಿಸ್‌ನವು. ಮೊಟಕು ಪರ್ಣಿಕೆ, ಒರಟು ಹಾಲೆ ಲೆಮ್ಮೋನಿಯೈಯವು. ಅನುಮಾನದ ಗಿಡ ಸಿಕ್ಕಾಗ ಅದರಲ್ಲಿ ಲೆಮ್ಮೋನಿಯೈಯ ಅಂಶವಿದೆಯೇ ಎಂದು ಮೊದಲು ಕೇಳಿಕೊಂಡು, ಇದ್ದರೆ ಇನ್ನರ್ಧ ಯಾರದೆಂದು ತೊಟ್ಟಿನ ಉದ್ದದಿಂದ ನಿರ್ಧರಿಸುವುದು ನನಗೆ ಗೊತ್ತಿರುವ ಅತ್ಯಂತ ಭರವಸೆಯ ದಾರಿ. ತಂದೆತಾಯಿ ಹತ್ತಿರದಲ್ಲೇ ಬೆಳೆದಿರಬೇಕೆಂಬ ನಿಯಮವೇನೂ ಇಲ್ಲ. ಗ್ಯಾಸ್ಪೆಯ ಸ್ಕಾಪ್ಯುಲಿನಮ್‌ನ ಸಮೀಪ ಇಂಬ್ರಿಕಾನ್ಸ್ ಆಗಲಿ ಲೆಮ್ಮೋನಿಯೈ ಆಗಲಿ ಇಲ್ಲ.

ಎರಡು ಪ್ರಭೇದಗಳು ಪಕ್ಕಪಕ್ಕದಲ್ಲಿ ಬೆಳೆದಿರುವಲ್ಲಿ ಬಂಜೆ ಸಂಕರಗಳೂ ಹುಟ್ಟುತ್ತವೆ, ಯಾವ ವಿವರಣೆಗೂ ಅವು ಸರಿಹೊಂದುವುದಿಲ್ಲ. ಅಂಥ ಗಿಡದ ಗುಚ್ಛಗಳನ್ನು ಮಸೂರದಲ್ಲಿ ನೋಡಿದರೆ ಬೀಜಕಕೋಶಗಳು ದುಂಡಗೆ ಉಬ್ಬಿರದೆ ಸುಕ್ಕುಗಟ್ಟಿ, ಒಡೆಯದೆ ಉಳಿದಿರುವುದು ಕಾಣುತ್ತದೆ. ಕಾನೂನಿನ ಅಡ್ಡಿಯಿಲ್ಲದ ಜಾಗವಾದರೆ ಬಲಿತ ಪರ್ಣಿಕೆಯೊಂದನ್ನು ಬಿಳಿ ಕಾಗದದ ಮಡಿಕೆಯೊಳಗಿಟ್ಟು ಒಂದೆರಡು ದಿನ ಒಣಗಲು ಬಿಡಬಹುದು. ಆರೋಗ್ಯವಂತ ಗಿಡದ ಬೀಜಕಗಳು ನುಣುಪಾದ ಪುಡಿಯಾಗಿ ಬೀಳುತ್ತವೆ, ಸೂಕ್ಷ್ಮದರ್ಶಕದಲ್ಲಿ ಎಲ್ಲವೂ ಸುಮಾರು ಒಂದೇ ಗಾತ್ರದವಾಗಿ ಕಾಣುತ್ತವೆ; ಸಂಕರದಲ್ಲಿ ಪುಡಿ ಬೀಳುವುದೇ ಇಲ್ಲ, ಬಿದ್ದರೂ ವಿಕಾರವಾದ, ಗಾತ್ರ ತಪ್ಪಿದ ತುಣುಕುಗಳಾಗಿರುತ್ತವೆ. ಇಂಥ ಗಿಡಕ್ಕೆ ಸಂಕರವೆಂದೇ ಬರೆದಿಡಬೇಕು. ಬಲವಂತವಾಗಿ ಒಂದು ಹೆಸರಿಗೆ ತುರುಕಬಾರದು.

ಎಂಟನೆಯ ಹಂತ: ದಾಖಲಿಸುವುದು

ನಂತರ ಬೇರೊಬ್ಬರು ಪರಿಶೀಲಿಸಬಲ್ಲ ದಾಖಲೆಗೆ ಐದು ಚಿತ್ರಗಳು ಬೇಕು: ಕಲ್ಲಿನೊಂದಿಗೆ ಇಡೀ ಗಿಡ, ಅಳತೆಪಟ್ಟಿಯ ಪಕ್ಕ ಒಂದು ಇಡೀ ಗರಿ, ಹುರುಪೆಗಳು ಕಾಣುವಂತೆ ತೊಟ್ಟಿನ ಬುಡ ಮತ್ತು ಮೇಲ್ಭಾಗ, ಬಿಡಿಸಿ ಹಿಡಿದ ಒಂದು ಪರ್ಣಿಕೆಯ ಮೇಲ್ಮೈ, ಮಸೂರದ ಮೂಲಕ ತೆಗೆದ ಗುಚ್ಛ. ಸಾಮಾನ್ಯವಾಗಿ ಜನ ಮೊದಲ ಚಿತ್ರವನ್ನು ಮಾತ್ರ ತೆಗೆದುಕೊಂಡು ಬರುತ್ತಾರೆ. ಗುರುತಿಸಲು ಅತಿ ಕಡಿಮೆ ಉಪಯೋಗಕ್ಕೆ ಬರುವುದು ಅದೇ. ಎತ್ತರ, ಇಳಿಜಾರಿನ ದಿಕ್ಕು, ಶಿಲೆಯ ಬಗೆ, ತೊಟ್ಟಿನ ಪಾಲಿನ ಅಳತೆಗಳನ್ನು ಜೊತೆಗೆ ಬರೆದಿಡಬೇಕು.

ಅಮೆರಿಕದ ರಾಷ್ಟ್ರೀಯ ಉದ್ಯಾನಗಳಲ್ಲಿ ಅನುಮತಿಯಿಲ್ಲದೆ ಸಸ್ಯದ ಯಾವ ಭಾಗವನ್ನೂ ಕೀಳುವಂತಿಲ್ಲ. ನಿಷೇಧವಿಲ್ಲದ ಜಾಗದಲ್ಲೂ ಬಂಡೆಸಂದಿನ ಗಿಡವನ್ನು ಬೇರುಸಹಿತ ತೆಗೆಯುವುದರಲ್ಲಿ ಅರ್ಥವಿಲ್ಲ, ಏಕೆಂದರೆ ಈ ಮಾರ್ಗದರ್ಶಿಯ ಯಾವ ಹಂತಕ್ಕೂ ಬೇರು ಬೇಕಿಲ್ಲ. ಲೆಮ್ಮೋನಿಯೈ, ಕ್ರುಕೆಬರ್ಗಿಯೈಗಳಂಥ ವಿರಳ ಪ್ರಭೇದಗಳು ಸಿಕ್ಕಿದರೆ ನಿಖರವಾದ ಸ್ಥಳವನ್ನು ಸಾರ್ವಜನಿಕವಾಗಿ ಪ್ರಕಟಿಸದೆ, ಆ ಪ್ರದೇಶದ ಸಸ್ಯಸಂಗ್ರಹಾಲಯಕ್ಕೆ ಅಥವಾ ಅರಣ್ಯದ ಸಸ್ಯತಜ್ಞರಿಗೆ ಚಿತ್ರಗಳ ಸಮೇತ ತಿಳಿಸುವುದು ಸರಿಯಾದ ಕ್ರಮ. ಸಂದಿನಿಂದ ಬಿಡಿಸಿದ ಕಸಕಡ್ಡಿಯನ್ನು ಮತ್ತೆ ಬೇರುಕಾಂಡದ ಸುತ್ತ ಮುಚ್ಚಿಟ್ಟು ಬರಬೇಕು. ಬೇಸಿಗೆಯ ಒಣಹವೆಯಲ್ಲಿ ಗಿಡದ ಬುಡಕ್ಕೆ ತೇವವನ್ನು ಹಿಡಿದುಕೊಡುವುದು ಅದೇ.